ಬ್ಯಾಂಕಿನ ಬಾಗಿಲಿಗೆ ಸರಿಯಾದ ರ‍್ಯಾಂಪ್ ಹಾಕಿಸಿ

ಗೆ,
ಶಾಖಾ ವ್ಯವಸ್ಥಾಪಕರು,
ಕಲಬುರಗಿ

ವಿಷಯ: ಗಾಲಿಕುರ್ಚಿಯಲ್ಲಿ ಬರುವವರಿಗೆ ಶಾಖೆಯ ಒಳಗೆ ಬರಲು ಆಗದಿರುವ ಬಗ್ಗೆ ದೂರು

ಸರ್, ನಮಸ್ಕಾರ.

ನಾನು ಬ್ರಹ್ಮಪುರದವಳು. ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲಿಗೆ ಬಲವಿಲ್ಲ. ನನ್ನ ಖಾತೆ ನಿಮ್ಮ ಶಾಖೆಯಲ್ಲೇ ಇದೆ.

ಶಾಖೆ ಹೊಸ ಕಟ್ಟಡಕ್ಕೆ ಬಂದ ಮೇಲೆ ಬಾಗಿಲಿಗೆ 4 ಮೆಟ್ಟಿಲು. ಪಕ್ಕದಲ್ಲೊಂದು ರ‍್ಯಾಂಪ್ ಇದೆ, ನಿಜ. ಆದರೆ ಅದು ಬೈಕ್ ಹತ್ತಿಸಲು ಮಾಡಿದಂತಿದೆ. ಹೋದ ತಿಂಗಳು ಅದನ್ನು ಹತ್ತುವಾಗ ಕುರ್ಚಿ ಹಿಂದಕ್ಕೆ ವಾಲಿತು. ಹಿಂದಿದ್ದ ಹುಡುಗ ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು.

ಆಮೇಲೆ ನಿಮ್ಮ ಸಿಬ್ಬಂದಿಯೇ ಹಣ ತೆಗೆಯುವ ಚೀಟಿ ಹೊರಗೆ ತಂದರು. ಒಳ್ಳೆಯ ಮಂದಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಸುಡುಬಿಸಿಲಲ್ಲಿ, ರಸ್ತೆ ಪಕ್ಕ, ಹೋಗಿಬರುವವರೆಲ್ಲ ನೋಡುತ್ತಿರುವಾಗ ನನ್ನ ದುಡ್ಡು ಎಣಿಸಿ ಕೊಟ್ಟರು. ಬೇರೆ ಯಾವ ಗ್ರಾಹಕರಿಗಾದರೂ ಹೀಗೆ ಮಾಡುತ್ತೀರಾ? ಮನೆಗೇ ಬಂದು ಸೇವೆ ಕೊಡುತ್ತೇವೆ ಎಂದೂ ಹೇಳಿದರು. ಹಾಸಿಗೆ ಬಿಟ್ಟು ಏಳಲಾಗದವರಿಗೆ ಅದು ಬೇಕೇ ಬೇಕು. ನಾನು ದಿನಾ ಮಾರ್ಕೆಟ್ ತಿರುಗುವವಳು. ನನಗೆ ಬಾಗಿಲು ಬೇಕು.

ಟೇಪ್ ಹಿಡಿದು ಅಳತೆ ತೆಗೆಸಿದ್ದೇನೆ. ಮೆಟ್ಟಿಲುಗಳ ಒಟ್ಟು ಎತ್ತರ 2 ಅಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ರ‍್ಯಾಂಪಿನ ಲೆಕ್ಕ. ಅಂದರೆ 24 ಅಡಿ ಬೇಕು. ನಿಮ್ಮದು 6 ಅಡಿ ಇದೆ. ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಜಾಗವಿಲ್ಲ ಅನ್ನಬೇಡಿ, ಬೈಕ್ ನಿಲ್ಲಿಸುವ ಗೋಡೆ ಬದಿಯೇ 30 ಅಡಿಗಿಂತ ಹೆಚ್ಚು ಉದ್ದವಿದೆ. ಎಟಿಎಂ ಕೋಣೆಗೂ ಒಂದು ಮೆಟ್ಟಿಲು ಇದೆ, ಅದನ್ನೂ ನೋಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಕಲಂ ಪ್ರಕಾರ, ಸರ್ಕಾರಿ ಆಗಲಿ ಖಾಸಗಿ ಆಗಲಿ, ಸೇವೆ ಕೊಡುವವರು ನಿಯಮ ಬಂದ 2 ವರ್ಷದೊಳಗೆ ಇದನ್ನೆಲ್ಲ ಮಾಡಿ ಮುಗಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2019ಕ್ಕೇ ಮುಗಿಯಿತು, ಅಲ್ವಾ?

ಇದು ನನ್ನೊಬ್ಬಳ ಮಾತಲ್ಲ. ಪಿಂಚಣಿಗೆ ಬರುವ ಅಜ್ಜ ಅಜ್ಜಿಯರು ಅದೇ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಳ್ಳುವುದನ್ನು ಪ್ರತಿ ತಿಂಗಳೂ ನೋಡುತ್ತೇನೆ.

ಕೆಲಸ ಯಾವಾಗ ಶುರು ಮಾಡುತ್ತೀರಿ ಎಂದು 15 ದಿನದೊಳಗೆ ಬರೆದು ತಿಳಿಸಿ. ಉತ್ತರ ಬರದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡುತ್ತೇನೆ. ಇಂಜಿನಿಯರ್ ಬರುವ ದಿನ ನನಗೂ ಹೇಳಿ ಕಳಿಸಿ. ಕುರ್ಚಿ ತಿರುಗಿಸಲು ಎಷ್ಟು ಜಾಗ ಬೇಕೆಂದು ಅಲ್ಲೇ ತೋರಿಸುತ್ತೇನೆ.

ಇಂತಿ,
ನಿಮ್ಮ ಶಾಖೆಯ ಖಾತೆದಾರಳು,
ಬ್ರಹ್ಮಪುರ, ಕಲಬುರಗಿ