ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಮಳೆ ಲೆಕ್ಕ ಗುಜರಿಗೆ ಹೋಗಬೇಕೆ?

ಸಂಪಾದಕರಿಗೆ,

ಮಾನ್ಯರೇ,

ಇದೇ 2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂದ ಮೇಲೆ ವಾರವಿಡೀ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ 625ಕ್ಕೆ ಆರುನೂರು ದಾಟಿದ ಮಕ್ಕಳ ಭಾವಚಿತ್ರಗಳು, ಶಾಲಾವಾರು ಶೇಕಡಾವಾರು ಪಟ್ಟಿಗಳು ತುಂಬಿದ್ದವು. ಕಷ್ಟಪಟ್ಟು ಓದಿದವರ ಸಂತೋಷದ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಇಲ್ಲಿನ ಸರ್ಕಾರಿ ಪ್ರೌಢಶಾಲೆಯೊಂದರ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂರು ವರ್ಷ ಸದಸ್ಯನಾಗಿದ್ದು, ಈ ಬಾರಿ ಹತ್ತನೆಯ ತರಗತಿ ಮುಗಿಸಿದ ಮೂವತ್ತೊಂದು ಮಕ್ಕಳನ್ನು ಅವರು ಎಂಟನೆಯ ತರಗತಿಗೆ ಕಾಲಿಟ್ಟ ದಿನದಿಂದ ಬಲ್ಲೆ. ಪಟ್ಟಿಯಲ್ಲಿ ಅವರ ಪಾಲಿಗೆ ಒಂದು ಸಾಲು ಸಿಕ್ಕಿತು. ಮೂರು ವರ್ಷ ಅವರು ಮಾಡಿದ ಕೆಲಸದ ಕಾಗದಪತ್ರಗಳು ಅದೇ ವಾರ ಗುಜರಿಯವನ ತಕ್ಕಡಿ ಏರಿದವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬೇರೆ ಶಾಲೆಗಳಲ್ಲಿ ಇದಕ್ಕಿಂತ ಭಿನ್ನವಾಗಿ ನಡೆಯುತ್ತದೆಂದು ನನಗೆ ಅನ್ನಿಸುವುದಿಲ್ಲ.

ಈ ಮಕ್ಕಳು 2015ರಲ್ಲಿ ಒಂದನೆಯ ತರಗತಿಗೆ ಸೇರಿದವರು. ನಾಲ್ಕನೆಯ ತರಗತಿಯಲ್ಲಿದ್ದಾಗ 2018ರ ಆಗಸ್ಟ್ ತಿಂಗಳ ಮಳೆಗೆ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜಾರಿದವು; ಶಾಲೆಗಳು ಪರಿಹಾರ ಕೇಂದ್ರಗಳಾದವು, ಬೆಂಚುಗಳನ್ನು ಗೋಡೆಗೆ ಒತ್ತಿ ಚಾಪೆ ಹಾಸಲಾಯಿತು. ಈ ತಂಡದ ಇಬ್ಬರ ಕುಟುಂಬಗಳು ಆಮೇಲೆ ಜಂಬೂರಿನ ಪುನರ್ವಸತಿ ಮನೆಗಳಿಗೆ ಹೋದವು. ಮರುವರ್ಷ ಮತ್ತೆ ನೆರೆ, ವಿರಾಜಪೇಟೆ ಕಡೆಯ ತೋರದಲ್ಲಿ ಮತ್ತೆ ಕುಸಿತ. ಅದಾದ ಮೇಲೆ ಕೊರೊನಾ. ಆರನೆಯ ತರಗತಿಯನ್ನು, ಶಿಕ್ಷಕರು ಊರಿಗೇ ಬಂದು ಪಾಠ ಮಾಡುತ್ತಿದ್ದ ವಿದ್ಯಾಗಮದ ಜಗಲಿಯಲ್ಲಿ, ಚಂದನ ವಾಹಿನಿಯ ಮುಂದೆ, ಮೊಬೈಲ್ ಸಿಗ್ನಲ್ ಸಿಗುವ ದಿಣ್ಣೆಯ ಮೇಲೆ ಕಳೆದವರಿಗೆ ಏಳನೆಯ ತರಗತಿಯೂ ಪೂರ್ತಿಯಾಗಿ ದಕ್ಕಲಿಲ್ಲ. 2022ರ ಮೇ 16ರಂದು ಶಾಲೆ ತೆರೆದು ‘ಕಲಿಕಾ ಚೇತರಿಕೆ’ಯ ಹಾಳೆಗಳನ್ನು ಕೈಗೆ ಕೊಟ್ಟಾಗ ಇವರಲ್ಲಿ ಎಷ್ಟೋ ಮಕ್ಕಳಿಗೆ ಎದ್ದು ನಿಂತು ತಮ್ಮ ಹೆಸರು ಹೇಳುವುದಕ್ಕೂ ಸಂಕೋಚವಿತ್ತು. ಇಂತಹ ಮಕ್ಕಳು ಮೂರು ವರ್ಷಗಳಲ್ಲಿ ಏನು ಮಾಡಿದರೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಆ ಜೂನ್‌ನಲ್ಲಿ ನನ್ನ ತಂದೆಯವರ ಕಾಲದ ಹಳೆಯ ಮಳೆ ಮಾಪಕವೊಂದನ್ನು ಶಾಲೆಗೆ ಕೊಟ್ಟೆ. ತಗಡಿನ ಡಬ್ಬಿ, ಅದರೊಳಗೆ ಬಾಟಲಿ, ಮೇಲೆ ಆಲಿಕೆ, ಜೊತೆಗೊಂದು ಗೆರೆ ಹಾಕಿದ ಗಾಜಿನ ಲೋಟ. ಅಷ್ಟೇ ಅದರ ಸಂಪತ್ತು. ಶಾಲೆಯ ಹಿಂಬದಿಯ ಬಯಲಿನಲ್ಲಿ, ಮರದ ಹನಿ ತಾಗದಷ್ಟು ದೂರದಲ್ಲಿ ಅದನ್ನು ನೆಟ್ಟರು. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಬೇಕು. ಹವಾಮಾನ ಇಲಾಖೆಯವರ ದಿನ ಆರಂಭವಾಗುವುದೂ ಆ ಹೊತ್ತಿಗೇ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೆಯ ಒಂದು ಭಾಗ) ಹೇಳುವುದು ರೂಢಿ, ಪಠ್ಯಪುಸ್ತಕದಲ್ಲಿ ಮಿಲಿಮೀಟರು. ಹಾಗಾಗಿ ಒಂದು ಇಂಚಿಗೆ 25.4ರಂತೆ ಗುಣಿಸಿ ಎರಡು ಕಾಲಂಗಳಲ್ಲಿ ಬರೆದರು. ಮೂರನೆಯದು ಷರಾ.

ಮಳೆ ರಜೆ ಘೋಷಣೆಯಾದ ದಿನ ಮಾಪಕ ನೋಡುವವರು ಯಾರೆಂಬ ಪ್ರಶ್ನೆ ಮೊದಲ ವಾರವೇ ಎದುರಾಯಿತು, ಏಕೆಂದರೆ ಬರೆಯಲೇಬೇಕಾದ ಮಳೆ ಬರುವುದು ರಜೆಯ ದಿನವೇ. ಪಕ್ಕದ ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ಹುಡುಗನೊಬ್ಬ ಆ ಹೊಣೆ ಹೊತ್ತ. ಒಂದು ಬೆಳಿಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ, ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಅವನು ಮಾಪಕದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ರಾತ್ರಿಯ ಮಳೆಗೆ ಒಳಗಿನ ಬಾಟಲಿ ತುಂಬಿ ನೀರು ಹೊರಡಬ್ಬಿಗೆ ಹರಿದಿತ್ತು. ಚೆಲ್ಲಿಹೋಯಿತೆಂದು ಅವನು ಬಿಡಲಿಲ್ಲ. ಡಬ್ಬಿಯ ನೀರನ್ನು ಲೋಟಲೋಟವಾಗಿ ಅಳೆದು, ಪ್ರತಿ ಲೋಟಕ್ಕೂ ಅಂಗೈ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದು, ಕೊನೆಗೆ ಬಾಟಲಿಯ ಲೆಕ್ಕಕ್ಕೆ ಕೂಡಿಸಿದ. ಹೀಗೆ ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವರ್ಷಕ್ಕೊಂದರಂತೆ ಬರೆದ ಆ ಮೂರು ಮಳೆ ಪುಸ್ತಕಗಳಲ್ಲಿದ್ದದ್ದು ಬರೀ ಮಕ್ಕಳ ಆಟವೆಂದು ಯಾರೂ ತಿಳಿಯಬಾರದು. ಮಕ್ಕಳು ತಮ್ಮ ಅಳತೆಯನ್ನು ಪತ್ರಿಕೆಯಲ್ಲಿ ಬರುವ ಹೋಬಳಿವಾರು ಮಳೆಯ ಜೊತೆ ಹೋಲಿಸಿ, ಭಾಗಮಂಡಲಕ್ಕೂ ಕುಶಾಲನಗರಕ್ಕೂ ಒಂದೇ ದಿನ ಎಷ್ಟು ಅಂತರವಿರುತ್ತದೆಂದು ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದರು. 2022ರ ಜೂನ್ ಕೊನೆಯ ಷರಾದಲ್ಲಿ ಜಿಲ್ಲೆಯಲ್ಲಿ ಭೂಮಿ ನಡುಗಿದ ಸುದ್ದಿಯಿತ್ತು. 2023 ರಾಜ್ಯಕ್ಕೇ ಬರ ಬಂದ ವರ್ಷ. ಆ ಆಗಸ್ಟ್‌ನ ಪುಟಗಳಲ್ಲಿ ಕಾಣುವ ಸೊನ್ನೆಗಳು ನನ್ನಂತಹ ಬೆಳೆಗಾರನಿಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟ ತರುತ್ತವೆ. 2024ರ ಜುಲೈನಲ್ಲಿ ಹಾರಂಗಿ, ಕೆಆರ್‌ಎಸ್ ಎರಡೂ ತುಂಬಿದವು. ಒಂದರಂತೆ ಇನ್ನೊಂದಿಲ್ಲದ ಮೂರು ಮಳೆಗಾಲಗಳು ಒಂದೇ ಜಾಗದಲ್ಲಿ, ಒಂದೇ ಮಾಪಕದಲ್ಲಿ ದಾಖಲಾಗಿದ್ದವು. ಷರಾ ಕಾಲಂ ಓದುವುದು ನನಗಂತೂ ಖುಷಿಯ ಕೆಲಸವಾಗಿತ್ತು: ‘ರಜೆ, ಬಸ್ಸಿಲ್ಲ’, ‘ಹೂಮಳೆ, ಸಾಲದು’ (ಕಾಫಿ ಹೂ ಅರಳಲು ಬೇಕಾದ ಮಳೆ), ‘ರಾತ್ರಿ ಆನೆ ಬಂದು ಬೇಲಿ ಮುರಿದಿದೆ, ಮಾಪಕಕ್ಕೆ ಏನೂ ಆಗಿಲ್ಲ’.

ಎರಡನೆಯದು ಗೋಡೆಪತ್ರಿಕೆ. ನಮ್ಮ ಶಾಲೆಗಳ ಒಂದೊಂದು ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆಯೆಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ ಮಕ್ಕಳ ಮಾತು, ಈಗ ಕೆಲ ವರ್ಷಗಳಿಂದ ತೋಟದ ಕೆಲಸಕ್ಕೆ ಬಂದವರ ಅಸ್ಸಾಮಿ. ಕನ್ನಡ ಶಿಕ್ಷಕಿಯವರು ತಿಂಗಳಿಗೊಂದು ವಸ್ತುವನ್ನು ಆರಿಸಿ, ಅದಕ್ಕೆ ಮನೆಯಲ್ಲಿ ಏನನ್ನುತ್ತಾರೆಂದು ಬರೆದು ತರಲು ಹೇಳುತ್ತಿದ್ದರು. ಮಳೆಗಾಲದ ಕಕ್ಕಡ ತಿಂಗಳಿನಲ್ಲಿ ಕಳಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ಸರದಿ ಬಂತು. ಕೊಡವರ ಹುಡುಗಿ ಬೈಂಬಳೆ ಎಂದು ಬರೆದಳು, ತುಳುವಿನವನು ಕಣಿಲೆ ಎಂದ. ಅಷ್ಟರವರೆಗೆ ವರ್ಷವಿಡೀ ಬಾಯಿ ತೆರೆಯದೆ ಕೊನೆಯ ಬೆಂಚಿನಲ್ಲಿ ಕೂತಿದ್ದ ಅಸ್ಸಾಮಿನ ಹುಡುಗ ‘ಬಾಂಹ್ ಗಾಜ್’ ಎಂದು ಕನ್ನಡ ಅಕ್ಷರದಲ್ಲಿ ಬರೆದು, ಅದನ್ನು ಹುಳಿ ಬರಿಸಿ ಇಡುವ ಬಗೆಯನ್ನು ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ವಿವರಿಸಿದನಂತೆ. ಆ ಹಾಳೆಯಲ್ಲಿ ಅವನ ಬಿದಿರಿನ ಚಿತ್ರವೂ ಇತ್ತು. ಮುಂದಿನ ವರ್ಷ ಅವನ ತಂದೆ ಬೇರೆ ತೋಟಕ್ಕೆ ಹೋದುದರಿಂದ ಹುಡುಗ ಶಾಲೆ ಬಿಟ್ಟ. ಈ ಶಾಲೆಯಲ್ಲಿ ಅವನು ಕಲಿತನೆಂಬುದಕ್ಕೆ ಹಾಜರಿ ಪುಸ್ತಕದ ಹೆಸರಿನಾಚೆ ಉಳಿದಿದ್ದುದು ಆ ಒಂದು ಹಾಳೆ.

ಹಾಕಿಯ ವಿಷಯ ಹೇಳದಿದ್ದರೆ ಕೊಡಗಿನ ಮಕ್ಕಳ ಬಗ್ಗೆ ಬರೆದಂತಾಗುವುದಿಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ 2018ರ ಬಳಿಕ ನಿಂತುಹೋಗಿ, 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆಯಿತು. ಅದನ್ನು ನೋಡಿ ಬಂದವರು ಒಂಬತ್ತನೆಯ ತರಗತಿಯಲ್ಲಿ ಬಾಗಿದ ಕಾಫಿ ಕೋಲುಗಳನ್ನು ಕಡಿದು ತಂದು ತಮ್ಮದೇ ‘ಲೈನ್‌ಮನೆ ಕಪ್’ ನಡೆಸಿದರು; ಉತ್ಸವದಲ್ಲಿರುವಂತೆ ಹುಡುಗಿಯರೂ ಹುಡುಗರೂ ಒಂದೇ ತಂಡದಲ್ಲಿ ಆಡಿದರು. ಪ್ರತಿಭಾ ಕಾರಂಜಿಯಲ್ಲಿ ಇವರ ಕವ್ವಾಲಿ ತಂಡ ತಾಲ್ಲೂಕು ಮಟ್ಟಕ್ಕೆ ಹೋಗಿ ಸೋತು ಬಂತು. ಮಕ್ಕಳ ಗ್ರಾಮಸಭೆಯಲ್ಲಿ ತೊರೆಗೆ ಕಾಲುಸಂಕ ಬೇಕೆಂದು ಕೇಳಿ, ಮರುವರ್ಷದ ಸಭೆಯಲ್ಲಿ ಅದೇ ಮಾತನ್ನು ಮತ್ತೆ ಕೇಳಿ, ಕೊನೆಗೂ ಮಾಡಿಸಿಕೊಂಡರು. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸು ಮಾಡಿ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಪಡೆದ ಹುಡುಗಿಯ ಸುದ್ದಿ ಮಾತ್ರ ಪತ್ರಿಕೆಯಲ್ಲಿ ಬಂತು, ಏಕೆಂದರೆ ಅದು ಪರೀಕ್ಷೆ.

ಹತ್ತನೆಯ ತರಗತಿಗೆ ಬಂದೊಡನೆ ಇವೆಲ್ಲ ನಿಂತವು. ಆಟದ ಅವಧಿ ಗಣಿತಕ್ಕೆ ಹೋಯಿತು, ಚಿತ್ರಕಲೆಯ ಅವಧಿ ವಿಜ್ಞಾನಕ್ಕೆ, ಮಳೆ ರಜೆಯನ್ನು ತುಂಬಿಸಲು ಶನಿವಾರದ ಮಧ್ಯಾಹ್ನಗಳು ಹೋದವು, ಸಂಜೆ ಕೊನೆಯ ಬಸ್ಸು ತಪ್ಪದ ಹಾಗೆ ವಿಶೇಷ ತರಗತಿಗಳು ನಡೆದವು. ಎಸ್‌ಡಿಎಂಸಿ ಸಭೆಯಲ್ಲಿ ನಾನೂ ಇದಕ್ಕೆ ತಲೆಯಾಡಿಸಿದವನೇ. ಆ ತಪ್ಪಿನಲ್ಲಿ ನನಗೂ ಪಾಲಿದೆ. ಶಿಕ್ಷಕರ ಮೇಲೆ ಫಲಿತಾಂಶದ ಒತ್ತಡ ಎಷ್ಟಿದೆಯೆಂದು ಬಲ್ಲೆ. ಆದರೂ ವಾರಕ್ಕೆ ಎರಡು ಆಟದ ಅವಧಿ ಉಳಿಸಿದ್ದರೆ ಶೇಕಡಾವಾರು ಇಳಿಯುತ್ತಿತ್ತೆಂಬ ಮಾತನ್ನು ನಾನಿಂದು ಒಪ್ಪುವುದಿಲ್ಲ. ಆ ವರ್ಷ ಮಳೆ ಪುಸ್ತಕವೊಂದೇ ಮುಂದುವರಿಯಿತು. ಅದಕ್ಕೆ ಅವಧಿ ಬೇಕಿರಲಿಲ್ಲ, ಆ ಹುಡುಗ ಇದ್ದರೆ ಸಾಕಿತ್ತು. ಈ ಬಾರಿ ಇಂಗ್ಲಿಷಿನಲ್ಲಿ ಅವನಿಗೆ ಪಾಸಾಗುವಷ್ಟು ಅಂಕ ಬರಲಿಲ್ಲ. ತಿಂಗಳ ಕೊನೆಗೆ ಪರೀಕ್ಷೆ-2 ಬರೆಯಲಿದ್ದಾನೆ. ಪಟ್ಟಿಯಲ್ಲಿ ನಮ್ಮ ಶಾಲೆ ನೂರಕ್ಕೆ ನೂರು ಆಗದಿರಲು ಕಾರಣರಾದ ಇಬ್ಬರಲ್ಲಿ ಅವನೊಬ್ಬ.

ಬೀಳ್ಕೊಡುಗೆಯ ದಿನ ಮಕ್ಕಳೆಲ್ಲ ಹಣ ಕೂಡಿಸಿ ಶಾಲೆಗೊಂದು ಗೋಡೆ ಗಡಿಯಾರ ಕೊಟ್ಟರು. ಪ್ರತಿ ತಂಡವೂ ಗಡಿಯಾರವನ್ನೇ ಕೊಡುವುದರಿಂದ ನಮ್ಮ ಶಾಲೆಯಲ್ಲಿ ಅದಕ್ಕೆ ಕೊರತೆಯಿಲ್ಲ, ಒಂದಕ್ಕೊಂದು ಹೊಂದದ ಸಮಯಕ್ಕೂ ಕೊರತೆಯಿಲ್ಲ. ಪ್ರತಿಯೊಂದರ ಮೇಲೂ ತಂಡದ ವರ್ಷ ಬರೆದಿರುತ್ತದೆ. ಮೂರು ವರ್ಷ ಒಟ್ಟಿಗಿದ್ದ ಮಕ್ಕಳಿಂದ ಶಾಲೆಯಲ್ಲಿ ಉಳಿಯುವುದು ಅಷ್ಟು ಮಾತ್ರ.

ಬೇಸಿಗೆ ರಜೆಯಲ್ಲಿ ಸುಣ್ಣಬಣ್ಣಕ್ಕೆಂದು ಕೊಠಡಿ ಖಾಲಿ ಮಾಡುವಾಗ ಮಳೆ ಪುಸ್ತಕಗಳು, ಗೋಡೆಪತ್ರಿಕೆಯ ಕಟ್ಟು, ಗ್ರಾಮಸಭೆಗೆ ಕೊಟ್ಟ ಅರ್ಜಿಯ ಪ್ರತಿ ಎಲ್ಲವೂ ಹಳೆಯ ಉತ್ತರ ಪತ್ರಿಕೆಗಳ ರಾಶಿಗೆ ಸೇರಿದವು. ಹೊರಗೆ ಹಾಕಿದವರನ್ನು ದೂರಲಾರೆ. ಕನ್ನಡ ಶಿಕ್ಷಕಿಯವರಿಗೆ ವರ್ಗಾವಣೆಯಾಗಿತ್ತು. ಆ ಕಟ್ಟು ಏನೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ದಾಖಲಾತಿ ವಹಿಯೂ ವರ್ಗಾವಣೆ ಪತ್ರದ ಪ್ರತಿಗಳೂ ಕಬ್ಬಿಣದ ಬೀರುವಿನಲ್ಲಿ ಭದ್ರವಾಗಿರುತ್ತವೆ, ಏಕೆಂದರೆ ಮುಂದೊಂದು ದಿನ ಯಾರಾದರೂ ಜನ್ಮದಿನಾಂಕ ಕೇಳಿಕೊಂಡು ಬಂದೇ ಬರುತ್ತಾರೆ. ನಾನು ಗುಜರಿ ಅಂಗಡಿಗೆ ಹೋಗಿ ಅರ್ಧ ದಿನ ರಾಶಿ ಕೆದಕಿದಾಗ ಸಿಕ್ಕಿದ್ದು 2023ರ ಮಳೆ ಪುಸ್ತಕ ಒಂದೇ. ಅಂಗಡಿಯವರು ಹಣ ತೆಗೆದುಕೊಳ್ಳಲಿಲ್ಲ.

ಜಿಲ್ಲೆಯ ಎಲ್ಲ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಲ್ಲೂ ಶಿಕ್ಷಣ ಇಲಾಖೆಯವರಲ್ಲೂ ನನ್ನ ವಿನಂತಿಯಿಷ್ಟೇ. ಎಂಟನೆಯ ತರಗತಿಗೆ ಸೇರುವ ಪ್ರತಿ ತಂಡಕ್ಕೂ ಒಂದು ದಪ್ಪ ವಹಿ ಇರಲಿ. ಅವರು ಆಡಿದ್ದು, ಸೋತದ್ದು, ನೆಟ್ಟದ್ದು, ಅಳೆದದ್ದು, ಅರ್ಜಿ ಕೊಟ್ಟದ್ದು ಎಲ್ಲವನ್ನೂ ಮಕ್ಕಳೇ ಬರೆಯಲಿ, ನಡುವೆ ಶಾಲೆ ಬಿಟ್ಟವರ ಹೆಸರೂ ಅದರಲ್ಲಿ ಉಳಿಯಲಿ, ಮತ್ತು ತಂಡ ಹೊರಡುವ ದಿನ ಆ ವಹಿಯನ್ನು ದಾಖಲಾತಿ ವಹಿಯ ಪಕ್ಕದಲ್ಲೇ ಬೀರುವಿನೊಳಗೆ ಇಡಲಿ. ಬೀರುವಿನಲ್ಲಿ ಜಾಗವಿಲ್ಲವೆನ್ನುವ ಶಾಲೆಗಳು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಡಬಹುದು, ಓದುಗರಿಗೂ ಸಿಕ್ಕಂತಾಗುತ್ತದೆ. ಮಕ್ಕಳು ಕೊಡುವ ಗಡಿಯಾರದ ದುಡ್ಡಿನಲ್ಲಿ ಇಂತಹ ಹಲವು ವಹಿಗಳು ಬರುತ್ತವೆ. ತಾವೂ ಪ್ರತಿ ವರ್ಷ ಫಲಿತಾಂಶದ ಪುಟದ ಒಂದು ಮೂಲೆಯಲ್ಲಿ ದಿನಕ್ಕೊಂದು ಶಾಲೆಯ ತಂಡದ ಬಗ್ಗೆ, ಅಂಕದ ಮಾತೆತ್ತದೆ, ನಾಲ್ಕು ಸಾಲು ಪ್ರಕಟಿಸುವ ಬಗ್ಗೆ ಯೋಚಿಸಬೇಕು.

ಮಾಪಕ ಶಾಲೆಯ ಹಿಂದೆ ಈಗಲೂ ನಿಂತಿದೆ. ಜೂನ್ 1ರಿಂದ ಬೆಳಿಗ್ಗೆ ಎಂಟೂವರೆಗೆ ಅದನ್ನು ನೋಡುವ ಹೊಣೆಯನ್ನು ಈ ವರ್ಷದ ಎಂಟನೆಯ ತರಗತಿಯವರಿಗೆ ಒಪ್ಪಿಸಬೇಕೆಂದು ಶಾಲೆಯವರನ್ನು ಕೇಳಿಕೊಂಡಿದ್ದೇನೆ. ಮೊದಲ ವಾರ ಬಂದು ಕಲಿಸಿಕೊಡುತ್ತೇನೆಂದು ಹಳೆಯ ಹುಡುಗನೇ ಹೇಳಿದ್ದಾನೆ. ಉಳಿದಿರುವ 2023ರ ಪುಸ್ತಕವನ್ನು ತಾವು ನೋಡಬಯಸಿದರೆ ಕಚೇರಿಗೆ ತಂದು ತೋರಿಸುತ್ತೇನೆ. ಆದರೆ ಅದನ್ನು ನನ್ನ ಕೈಯಲ್ಲೇ ಹಿಂದಿರುಗಿಸಬೇಕು.

ಇಂತು ತಮ್ಮ ಓದುಗ,
ಪ್ರೌಢಶಾಲೆಯೊಂದರ ಎಸ್‌ಡಿಎಂಸಿ ಮಾಜಿ ಸದಸ್ಯ,
ಸೋಮವಾರಪೇಟೆ ತಾಲ್ಲೂಕು, ಕೊಡಗು