ಸ್ಕೂಟರ್ ಡಿಕ್ಕಿಯಲ್ಲಿದ್ದ ಚಲನ್ ಬುಕ್

ಪ್ರೀತಿಯ ಗೌಡ,

ಪಕ್ಕದ ಮಿಲ್ಲಿಗೆ ಜಿಎಸ್‌ಟಿಯವರು ಶೋಧಕ್ಕೆ ಬಂದು ಹೋದಮೇಲೆ ನಿನಗೆ ಸರಿಯಾಗಿ ನಿದ್ದೆ ಬಂದಿಲ್ಲ ಅಂತ ಫೋನಿನಲ್ಲೇ ಗೊತ್ತಾಯಿತು. ‘ಮುಂದಿನ ಸರದಿ ನನ್ನದೇನೋ’ ಅಂತ ನೀನು ಅಂದೆ. ಅದು ನನಗೇನು ಗೊತ್ತು? ಹೆಬ್ಬಾಳದ ನಮ್ಮ ಅಗರಬತ್ತಿ ಶೆಡ್ಡಿಗೆ ಅವರು ಬಂದಾಗ ನಾವು ಮಾಡಿಕೊಂಡ ಎಡವಟ್ಟುಗಳನ್ನು ಮಾತ್ರ ಹೇಳಬಲ್ಲೆ. ಫೋನಿನಲ್ಲಿ ಮುಗಿಯುವ ಕತೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಅವರು ಬಂದಾಗ ನಾನು ಅಲ್ಲಿರಲೇ ಇಲ್ಲ. ನಂಜನಗೂಡಿನಲ್ಲಿ ತಂಗಿಯ ಮಗನ ಮುಡಿ ಕೊಡುವುದಿತ್ತು. ಬೋರ್ಡಿನ ಮೇಲೆ ಹೆಸರು ನನ್ನದು, ಆದರೆ ಅವರಿಗೆ ಮೊದಲು ಸಿಕ್ಕವನು ನಮ್ಮ ವಾಚ್‌ಮನ್. ಪಾಪ, ನಿಯತ್ತಿನ ಮನುಷ್ಯ. ‘ಸಾಹೇಬ್ರು ಬರೋವರೆಗೂ ಯಾರನ್ನೂ ಬಿಡಲ್ಲ’ ಅಂತ ಗೇಟಿಗೆ ಬೀಗ ಜಡಿದು ಇಪ್ಪತ್ತು ನಿಮಿಷ ನಿಲ್ಲಿಸಿದ. ಒಳಗೆ ಬಿಡದಿದ್ದರೆ ಬಾಗಿಲು ಒಡೆಯುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ, ಗೊತ್ತಾ? ಪುಣ್ಯಕ್ಕೆ ಒಡೆಯಲಿಲ್ಲ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ಅಕೌಂಟ್ಸ್ ಹುಡುಗ ಹೆದರಿ ವಾಟ್ಸ್ಆ್ಯಪ್ ಗ್ರೂಪನ್ನೇ ಅಳಿಸಿಬಿಟ್ಟಿದ್ದ. ಅದರಲ್ಲಿ ಇದ್ದದ್ದೇನು ಮಹಾ? ಲೋಡಿನ ಫೋಟೊ, ಹಬ್ಬದ ಶುಭಾಶಯ, ಯಾರು ಯಾವತ್ತು ರಜಾ ಅನ್ನುವುದು. ಅಳಿಸಿದ ಮೇಲೆ ಅದನ್ನು ನಂಬುವವರು ಯಾರು? ಸಾಕ್ಷ್ಯ ಅಳಿಸುವುದೇ ಬೇರೆ ಕೇಸು.

ಗೇಟು ತೆಗೆದಮೇಲೂ ಅವರ ಕಾಗದ ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಕೇಳಿದರೆ ಅವರಿಗೆ ಅವಮಾನ ಅಂದುಕೊಂಡರಂತೆ! ಅವಮಾನವೇನೂ ಇಲ್ಲ. ಬಂದು ನೋಡಲು ಅವರಿಗೆ ಅನುಮತಿ ಕೊಡುವ ಐಎನ್‌ಎಸ್-01 ಅನ್ನುವ ಫಾರಂ ಇರುತ್ತದೆ. ಜಂಟಿ ಆಯುಕ್ತರು ಅಥವಾ ಅವರಿಗಿಂತ ಮೇಲಿನವರು ಅದನ್ನು ಕೊಟ್ಟಿರಬೇಕು. ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಬರೀ ತಪಾಸಣೆಗೋ ಅಥವಾ ಶೋಧಕ್ಕೋ ಅಂತ ಓದು. ಬಂದವರ ಗುರುತಿನ ಚೀಟಿ ನೋಡು. ಓದಿ ಒಳಗೆ ಕರೆ, ಕುರ್ಚಿ ಕೊಡು, ಆಡಿಟರ್‌ಗೆ ಫೋನ್ ಮಾಡು. ಆಡಿಟರ್ ಬರುವವರೆಗೆ ಕಾಯಿರಿ ಅಂತ ಮಾತ್ರ ಹಟ ಹಿಡಿಯಬೇಡ. (ಇನ್‌ಕಮ್ ಟ್ಯಾಕ್ಸ್‌ನವರು ಬಂದರೆ ಸರ್ವೆಯೋ, ಅಂದರೆ ಬರೀ ಪರಿಶೀಲನೆಯೋ, ಅಥವಾ ಸರ್ಚೋ, ಅಂದರೆ ಶೋಧವೋ ಅಂತ ಮೊದಲು ಕೇಳಿಕೋ. ಸರ್ವೆಯಲ್ಲಿ ನಗದು, ಸರಕು ಎತ್ತಿಕೊಂಡು ಹೋಗುವಂತಿಲ್ಲ.)

ನಮಗೆ ನಿಜವಾಗಿ ಏಟು ಬಿದ್ದದ್ದು ಸೂಪರ್‌ವೈಸರ್ ಬಾಯಿಂದ. ಹಸಿ ಬತ್ತಿ ಎಣಿಸಿದರು, ಪುಸ್ತಕಕ್ಕಿಂತ ಕಮ್ಮಿ ಬಂತು. ‘ಉಳಿದದ್ದು ಎಲ್ಲಿ?’ ಅಂದರು. ಸೆಂಟ್ ಹಾಕಲು ಇನ್ನೊಂದು ಕಡೆಗೆ ಕಳಿಸಿದ್ದೆವು ಅಷ್ಟೆ. ಹೀಗೆ ಜಾಬ್ ವರ್ಕ್‌ಗೆ, ಅಂದರೆ ಹೊರಗೆ ಕೆಲಸ ಮಾಡಿಸಲು, ಹೋದ ಸರಕಿಗೆ ಡೆಲಿವರಿ ಚಲನ್ ಅನ್ನುವ ಚೀಟಿ ಇರಬೇಕು, ನಮ್ಮಲ್ಲೂ ಇತ್ತು. ಆದರೆ ಚಲನ್ ಬುಕ್ ಸೂಪರ್‌ವೈಸರ್‌ನ ಸ್ಕೂಟರ್ ಡಿಕ್ಕಿಯಲ್ಲಿತ್ತು, ಸ್ಕೂಟರ್ ಗ್ಯಾರೇಜಿನಲ್ಲಿತ್ತು. ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಅಂದಿದ್ದರೆ ಮುಗಿಯುತ್ತಿತ್ತು. ಅವನು ಒಳ್ಳೆಯವನಾಗಲು ಹೋಗಿ, ‘ಬಿಲ್ ಇಲ್ದೆ ಹೋಗಿರಬಹುದೇನೋ ಸಾರ್’ ಅಂದ. ಹೇಳಿಕೆಯಲ್ಲಿ ಆ ‘ಏನೋ’ ಇರಲಿಲ್ಲ. ಓದದೆ ಸಹಿ ಹಾಕಿದ. ಆ ಒಂದು ವಾಕ್ಯವನ್ನು ತಿದ್ದಿಸಲು ನಾನು ಎಷ್ಟು ತಿಂಗಳು ಅಲೆದೆ ಅಂತ ನಿನಗೆ ಗೊತ್ತೇ ಇದೆ. ಸುಳ್ಳು ಹೇಳು ಅನ್ನುತ್ತಿಲ್ಲ ಕಣೋ. ಗೊತ್ತಿದ್ದದ್ದನ್ನು ಹೇಳಲಿ, ಊಹೆ ಬೇಡ.

ಸಂಜೆ ಏಳಕ್ಕೆ ಚೆಕ್ ಮಾತು ಬಂತು. ‘ಈಗಲೇ ಇಷ್ಟು ಕಟ್ಟಿಬಿಡಿ, ಸುಲಭ ಆಗುತ್ತೆ’ ಅಂದರು. ಆಗ ನಮ್ಮ ಆಡಿಟರ್ ಮೆಲ್ಲಗೆ 2022ರ ಮೇ 25ರ ಸೂಚನೆಯ ಪ್ರತಿ ತೆಗೆದರು. ಶೋಧ ನಡೆಯುವಾಗ ತೆರಿಗೆ ವಸೂಲಿ ಮಾಡುವಂತಿಲ್ಲ ಅಂತ ಕೇಂದ್ರ ಇಲಾಖೆಯೇ ತನ್ನ ಅಧಿಕಾರಿಗಳಿಗೆ ಹೇಳಿದೆ. ನಾವಾಗಿಯೇ ಕಟ್ಟುವುದಾದರೆ ಡಿಆರ್‌ಸಿ-03 ಅನ್ನುವ ಫಾರಂನಲ್ಲಿ ಕಟ್ಟಬಹುದು. ಅದನ್ನು ಲೆಕ್ಕ ನೋಡಿ, ನಾಳೆ ಬೇಕಾದರೂ ಮಾಡಬಹುದು ಅಲ್ವಾ? ಚೆಕ್ ಮಾತು ಅಲ್ಲಿಗೇ ನಿಂತಿತು.

ಪಂಚನಾಮೆ ಮುಗಿದಾಗ ರಾತ್ರಿ ಹನ್ನೊಂದು. ಎಲ್ಲರಿಗೂ ಹಸಿವು, ಸಹಿ ಹಾಕಿ ಮನೆಗೆ ಹೋದರೆ ಸಾಕು ಅನ್ನಿಸುವ ಹೊತ್ತು. ಅಷ್ಟು ಹೊತ್ತಿಗೆ ನಾನೂ ನಂಜನಗೂಡಿನಿಂದ ಬಂದಿದ್ದೆ, ಬುದ್ಧಿಯೂ ಬಂದಿತ್ತು. ಸಾಲು ಸಾಲು ಓದಿದೆ. ತೆಗೆದುಕೊಂಡು ಹೋಗುವ ಒಂದು ಹಾರ್ಡ್ ಡಿಸ್ಕ್ ಪಟ್ಟಿಯಲ್ಲೇ ಇರಲಿಲ್ಲ. ಹೇಳಿದೆ, ಏನೂ ಗೊಣಗದೆ ಸೇರಿಸಿದರು. ಪಂಚನಾಮೆಯ ಪ್ರತಿಯನ್ನು ಅಲ್ಲೇ ಇಸಿದುಕೊಂಡೆ. ಜಪ್ತಿಯಾದ ದಾಖಲೆಗಳ ನಕಲು ಕೇಳುವ ಹಕ್ಕೂ ನಮಗಿದೆ. ತನಿಖೆಗೆ ಅಡ್ಡಿಯಾಗುತ್ತದೆ ಅನ್ನಿಸಿದರೆ ಮಾತ್ರ ಅವರು ಇಲ್ಲ ಅನ್ನಬಹುದು.

ಇನ್ನು ನಿನ್ನ ಮಿಲ್ಲಿನ ಮಾತು. 25 ಕೆಜಿವರೆಗಿನ ಲೇಬಲ್ ಇರುವ ಅಕ್ಕಿ ಚೀಲಕ್ಕೆ ಐದು ಪರ್ಸೆಂಟ್ ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ ಅಂತ 2022ರ ಜುಲೈಯಲ್ಲಿ ಆದಮೇಲೆ ನೀನೂ 26 ಕೆಜಿ ಚೀಲ ಹೊಲಿಸಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಚೀಲದ ಮೇಲೆ 26 ಅಂತ ಬರೆದು ಒಳಗೆ 25 ತುಂಬುತ್ತಿದ್ದರೆ ಈ ಪತ್ರ ಹರಿದು ಹಾಕು, ವಕೀಲರನ್ನು ನೋಡು.

ಭಾನುವಾರ ಮದ್ದೂರಿಗೆ ಬರುತ್ತೇನೆ. ನಿನ್ನ ಮಗನನ್ನು, ರೈಟರನ್ನು ಕೂರಿಸು. ವಾಚ್‌ಮನ್‌ನನ್ನೂ ಕರೆ, ಅವನೇ ಮುಖ್ಯ. ಯಾರಿಗೆ ಫೋನ್ ಮಾಡಬೇಕು, ಯಾವ ಪುಸ್ತಕ ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಗೇಟಿನ ಹತ್ತಿರ ಅಂಟಿಸೋಣ. ನಮ್ಮ ಶೆಡ್ಡಿನಲ್ಲೂ ಅಂಟಿಸಿದ್ದೇನೆ. ಚಲನ್ ಬುಕ್ ಈಗ ನನ್ನ ಮೇಜಿನ ಪಕ್ಕದಲ್ಲೇ ಇದೆ, ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದೇನೆ.

ನಿನ್ನ ಹಾಸ್ಟೆಲ್ ರೂಮ್‌ಮೇಟ್