ಕರಡಿಮರಿಯ ಫೈಲು ಅಳಿಸಿದ್ದೆ

ಮಾನ್ಯ ಸಂಪಾದಕರೇ,

‘ಮಾರ್ಟಿನೆಲ್ಲಿ ಎಂಬ ವಿಡಿಯೋ ತೆರೆದರೆ ಫೋನ್ ಹ್ಯಾಕ್ ಆಗುತ್ತದೆ, ಎಲ್ಲರಿಗೂ ಕಳಿಸಿ’ ಎಂಬ ಹಳೇ ಸುಳ್ಳು ನಮ್ಮ ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಮತ್ತೆ ಬಂದಿದೆ.

2002ರಲ್ಲಿ ನನಗೂ ಇಂಥದ್ದೇ ಇಮೇಲ್ ಬಂದಿತ್ತು. ಕರಡಿಮರಿ ಚಿತ್ರವಿರುವ ‘ಜೆಡಿಬಿಜಿಎಂಜಿಆರ್’ ಫೈಲು ವೈರಸ್, ತಕ್ಷಣ ಅಳಿಸಿ ಎಂದಿತ್ತು. ಹುಡುಕಿದೆ. ಇತ್ತು! ಗಾಬರಿಯಲ್ಲಿ ಅಳಿಸಿ, 11 ಗೆಳತಿಯರಿಗೂ ಕಳಿಸಿದೆ. ಆಮೇಲೆ ಗೊತ್ತಾಯಿತು, ಅದು ವಿಂಡೋಸ್ ಜೊತೆಗೇ ಬರುತ್ತಿದ್ದ ಫೈಲು. ಹುಡುಕಿದವರಿಗೆಲ್ಲ ಸಿಗುತ್ತಿತ್ತು, ಅದಕ್ಕೇ ಎಲ್ಲರೂ ನಂಬಿದರು. ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ.

ಕಳಿಸುವವರ ಕಾಳಜಿ ನಿಜವೇ. ಆದರೆ ‘ಎಲ್ಲರಿಗೂ ಕಳಿಸಿ’ ಎಂದಿದ್ದರೆ ಸುಮ್ನೆ ಕಳಿಸಬೇಡಿ, ತಿಳಿದವರೊಬ್ಬರನ್ನು ಕೇಳಿ. ಆಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ‘ಅದು ಸುಳ್ಳು’ ಎಂದೂ ಬರೆಯಬಹುದು, ಅಲ್ವಾ?

– ನಿವೃತ್ತ ಶಿಕ್ಷಕಿ, ಶಿರಸಿ